ನಾಗರಸನ ಎರಡು ಮಾತು

"ಅಪ್ಪಣೆ ಕೊಡಿ ಮಹಾಪ್ರಭು, ಹೊತ್ತು ಮುಳುಗುವುದರೊಳಗೆ ತೊರೆಸೀಮೆಯ ಕೋಟೆಯನ್ನು ಕಿತ್ತು ತಂದು ನಿಮ್ಮ ಪಾದದ ಹತ್ತಿರ ಇಡುತ್ತೇನೆ!"

ಹೀಗೆಂದು ಮೀಸೆ ತೀಡಿದವನು ಬಿಳಿಗಲ್ಲು ರಾಜ್ಯದ ದಳವಾಯಿ ಬೊಪ್ಪಣ್ಣ. ಕೇಳಿ ಖುಷಿಪಟ್ಟವನು ದೊರೆ ಮಾರಭೂಪ. ಕೇಳಿ ಎದೆ ಧಸಕ್ಕೆಂದದ್ದು ಮಂತ್ರಿ ನಾಗರಸನಿಗೆ ಮಾತ್ರ.

ಜಗಳಕ್ಕೆ ಕಾರಣ ಇಷ್ಟೇ. ಬಿಳಿಗಲ್ಲಿನ ದೊಡ್ಡಕೆರೆಯ ಏರಿ ಒಡೆದಿತ್ತು. ನೀರೆಲ್ಲ ಗಡಿ ದಾಟಿ ಪಕ್ಕದ ತೊರೆಸೀಮೆಯ ಗದ್ದೆಗೆ ಹರಿಯುತ್ತಿತ್ತು. ಅಲ್ಲಿನ ದೊರೆ ತುಂಬಿದ ಸಭೆಯಲ್ಲಿ, "ನೋಡಿ, ಮಾರಭೂಪ ಕೇಳದೆಯೇ ನಮಗೆ ಕಪ್ಪ ಕಳಿಸುತ್ತಿದ್ದಾನೆ" ಎಂದು ನಕ್ಕಿದ್ದನಂತೆ. ಅದು ಮಾರಭೂಪನ ಕಿವಿಗೆ ಬಿತ್ತು. ಇನ್ನೇನು, ಯುದ್ಧ!

ನಾಗರಸನಿಗೆ ಯುದ್ಧಕ್ಕಿಂತ ಏರಿಯ ಚಿಂತೆ. ಸಸಿಮಡಿಗಳು ಆಗಲೇ ಒಣಗತೊಡಗಿದ್ದವು. ಇರುವ ಗಂಡಾಳುಗಳನ್ನೂ ಯುದ್ಧಕ್ಕೆ ಎಳೆದುಕೊಂಡು ಹೋದರೆ ಆ ವರ್ಷ ಊರು ಉಣ್ಣುವುದೇನನ್ನು? ಅವನು ಬಾಯಿ ತೆರೆದ. ದೊರೆ ಕೈ ಎತ್ತಿದ.

"ನಿಲ್ಲಿಸು! ಬೆಳಿಗ್ಗೆ ಒಳನಾಡಿನ ಚರ್ಚೆಯಲ್ಲೂ ನಿನ್ನದೇ ಮಾತು, ಮಧ್ಯಾಹ್ನ ಹೊರನಾಡಿನ ಚರ್ಚೆಯಲ್ಲೂ ನಿನ್ನದೇ ಮಾತು. ಕೇಳಿ ಕೇಳಿ ನನ್ನ ಕಿರೀಟವೇ ಸಡಿಲವಾಗಿದೆ. ನಾಳೆ ನಿನಗೆ ಬೆಳಿಗ್ಗೆ ಒಂದು ಮಾತು, ಮಧ್ಯಾಹ್ನ ಒಂದು ಮಾತು. ಅಷ್ಟರಲ್ಲಿ ನನ್ನ ಮನಸ್ಸು ತಿರುಗಿಸಿದೆಯೋ, ಯುದ್ಧ ಬಿಟ್ಟೆ. ಇಲ್ಲವೋ, ಮುದ್ರೆಯುಂಗುರ ಬಿಚ್ಚಿಟ್ಟು ಮನೆಗೆ ನಡಿ."

ಮನೆಯಲ್ಲಿ ಹೆಂಡತಿ ಚೆಲುವಾಂಬೆ ಇದನ್ನು ಕೇಳಿ ತಲೆ ಚಚ್ಚಿಕೊಂಡಳು. "ಎರಡೇ ಮಾತೇ? ಒಂದು ಸೌಟು ಮಜ್ಜಿಗೆ ಬೇಕು ಅನ್ನೋದಕ್ಕೆ ನಿಮಗೆ ಹತ್ತು ಮಾತು ಬೇಕಲ್ಲ! ಉಂಗುರ ಹೋಯ್ತು ಅಂತಲೇ ಲೆಕ್ಕ."

"ಹೋದರೆ ಹೋಗಲಿ ಬಿಡೇ. ಕೆರೆ ಉಳಿದರೆ ಸಾಕು" ಎಂದ ನಾಗರಸ. ಹಾಗೆಂದನೇ ಹೊರತು ಉಂಗುರವನ್ನು ಎರಡು ಸಲ ಸವರಿ ನೋಡಿಕೊಂಡ.

ಆ ಸಭೆಗೆ ಇನ್ನೊಂದು ವಿಚಿತ್ರ ಕಟ್ಟಳೆಯಿತ್ತು. ಬೆಳಗಿನ ಮಾತನ್ನು ಮಧ್ಯಾಹ್ನದ ಸಭೆಯಲ್ಲಿ ಎತ್ತುವಂತಿಲ್ಲ. ಮನೆಯೊಳಗಿನ ರಗಳೆ ಹೊರಗಿನ ವ್ಯವಹಾರಕ್ಕೆ ಅಂಟಬಾರದೆಂದು ಮಾರಭೂಪನ ಅಜ್ಜ ಮಾಡಿದ್ದು. ಅದರಿಂದ ಆದದ್ದೇನೆಂದರೆ, ಸಭಿಕರು ಊಟಕ್ಕೆ ಕೈ ತೊಳೆಯುವಾಗಲೇ ಬೆಳಿಗ್ಗೆ ಆಡಿದ ಮಾತನ್ನೂ ತೊಳೆದುಕೊಂಡುಬಿಡುತ್ತಿದ್ದರು. ಈ ಕಟ್ಟಳೆಯ ನೆರಳಲ್ಲಿ ಬೊಪ್ಪಣ್ಣನಂಥವರು ಹಾಯಾಗಿದ್ದರು.

ಮರುದಿನ ಬೆಳಿಗ್ಗೆ ಒಳನಾಡಿನ ಚರ್ಚೆ. ನಾಗರಸ ಎದ್ದು ಕೈಮುಗಿದ.

"ಪ್ರಭು, ದೊಡ್ಡಕೆರೆಯ ಏರಿಗೆ ಮಣ್ಣು ಹೊರಲು ದಳವಾಯಿಗಳ ಸೈನ್ಯ ಸಿಗಬಹುದೇ?"

ಇಷ್ಟು ಹೇಳಿ ಕುಳಿತ. ಸಭೆಗೆ ಅಚ್ಚರಿ. ನಾಗರಸ ಎದ್ದು ಇಷ್ಟು ಬೇಗ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ.

ಬೊಪ್ಪಣ್ಣ ಹೌಹಾರಿದ. "ಸೈನ್ಯವೇ? ಮಣ್ಣು ಹೊರುವುದೇ? ಅಯ್ಯೋ, ಅವರ ಪಾಡು ನಿಮಗೇನು ಗೊತ್ತು ಮಹಾಪ್ರಭು! ಅರ್ಧ ಜನಕ್ಕೆ ಸೊಂಟನೋವು, ಮಿಕ್ಕವರಿಗೆ ಮಂಡಿನೋವು. ಬಿಸಿಲಿಗೆ ನಿಂತರೆ ತಲೆ ಸುತ್ತಿ ಬೀಳುತ್ತಾರೆ. ಮೊನ್ನೆ ಕೋಟೆಯ ಮೆಟ್ಟಿಲು ಹತ್ತಿದವರು ಇನ್ನೂ ಏದುಸಿರು ಬಿಡುತ್ತಿದ್ದಾರೆ. ಬುಟ್ಟಿ ಎತ್ತಿದರೆ ಬುಟ್ಟಿಯ ಜೊತೆ ಅವರನ್ನೂ ಎತ್ತಬೇಕಾಗುತ್ತದೆ."

"ಪಾಪ" ಎಂದ ದೊರೆ. ಅವನ ತಲೆಯ ತುಂಬ ಮಧ್ಯಾಹ್ನದ ಯುದ್ಧವೇ ಇತ್ತು. "ಏರಿ ಹಾಗಿರಲಿ, ಆಮೇಲೆ ನೋಡೋಣ. ಊಟಕ್ಕೆ ಏಳಿ."

ಊಟವಾಯಿತು, ಕೈ ತೊಳೆದದ್ದಾಯಿತು. ಹೊರನಾಡಿನ ಚರ್ಚೆ ಶುರುವಾಯಿತು.

"ಬೊಪ್ಪಣ್ಣ, ತೊರೆಸೀಮೆಯ ಕೋಟೆಯ ಸುತ್ತ ಆಳವಾದ ಕಂದಕವಿದೆಯಂತಲ್ಲ? ದಾಟುವುದು ಹೇಗೆ?" ಎಂದು ದೊರೆ ಕೇಳಿದ.

ಬೊಪ್ಪಣ್ಣ ಎದೆ ಸೆಟೆಸಿದ. "ದಾಟುವುದೇಕೆ ಪ್ರಭು, ತುಂಬಿಬಿಡುತ್ತೇವೆ! ನನ್ನ ಹುಡುಗರದ್ದು ಉಕ್ಕಿನ ಮೈ. ಬಿಸಿಲೆಂದರೆ ಅವರಿಗೆ ಬೆಳದಿಂಗಳು. ತಲೆಗೆರಡು ಬುಟ್ಟಿ ಮಣ್ಣು ಹೊತ್ತು, ಓಡುತ್ತಲೇ ಬೆಟ್ಟ ಹತ್ತುತ್ತಾರೆ. ಸಂಜೆಯೊಳಗೆ ಆ ಕಂದಕದ ಮೇಲೆ ನಿಮ್ಮ ಆನೆ ನಡೆಸಬಹುದು!"

"ಭಲೇ!" ಎಂದು ದೊರೆ ತೊಡೆ ತಟ್ಟಿದ. ನಾಗರಸನ ಕಡೆ ತಿರುಗಿದ. "ನಿನ್ನ ಎರಡನೆಯ ಮಾತು ಬಾಕಿಯಿದೆ. ಬೆಳಿಗ್ಗೆ ಯಾರಾದರೂ ಆಡಿದ ಮಾತು ಎತ್ತಿದೆಯೋ, ಉಂಗುರ ಹೋಯಿತು. ನೆನಪಿರಲಿ."

ನಾಗರಸ ನಿಧಾನವಾಗಿ ಎದ್ದ. ಬೆಳಿಗ್ಗೆ ಬೊಪ್ಪಣ್ಣ ಆಡಿದ ಒಂದು ಮಾತನ್ನೂ ಅವನು ಎತ್ತಲೇ ಇಲ್ಲ.

"ಮಹಾಪ್ರಭು, ನಮ್ಮ ದೊಡ್ಡಕೆರೆಯ ಏರಿಯನ್ನು ಇವತ್ತಿನ ಮಟ್ಟಿಗೆ ಪರರಾಜ್ಯವೆಂದು ಸಾರಿಬಿಡಿ, ದಳವಾಯಿಗಳು ಸಂಜೆಯೊಳಗೆ ತುಂಬಿಕೊಡುತ್ತಾರೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊರೆ ಒಮ್ಮೆ ನಾಗರಸನನ್ನು ನೋಡಿದ, ಒಮ್ಮೆ ಬೊಪ್ಪಣ್ಣನನ್ನು ನೋಡಿದ. ಬೆಳಿಗ್ಗೆ ಕೇಳಿದ ಸೊಂಟ, ಮಂಡಿ, ತಲೆಸುತ್ತು ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದವು. ತುಟಿ ಬಿಗಿಹಿಡಿದ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಕಿರೀಟ ನಿಜವಾಗಿಯೂ ಜಾರಿ ಮಡಿಲಿಗೆ ಬಿತ್ತು.

"ಸರಿ ಮಾರಾಯ, ನೀನೇ ಗೆದ್ದೆ! ಏರಿ ನಿಂತರೆ ನೀರು ನಿಲ್ಲುತ್ತದೆ. ನೀರು ನಿಂತರೆ ಆ ತೊರೆಸೀಮೆಯವನ ಕಪ್ಪವೂ ನಿಲ್ಲುತ್ತದೆ, ಕುಚೋದ್ಯವೂ ನಿಲ್ಲುತ್ತದೆ. ಇದಕ್ಕೆ ಯುದ್ಧವೇಕೆ?" ಎಂದು ಕೊರಳ ಮುತ್ತಿನ ಹಾರ ತೆಗೆದು ನಾಗರಸನ ಕೊರಳಿಗೆ ಹಾಕಿದ. ನಾಗರಸನ ಕಣ್ಣು ತುಂಬಿ ಬಂತು. ಹೇಳುವುದು ಬೇಕಾದಷ್ಟಿತ್ತು, ಆದರೂ ಬಾಯಿ ಬಿಡಲಿಲ್ಲ.

ದೊರೆ ಎದ್ದು ನಿಂತ. "ದೊಡ್ಡಕೆರೆಯ ಏರಿ ಈ ಕ್ಷಣದಿಂದ ಪರರಾಜ್ಯ. ದಳವಾಯಿ, ದಂಡು ಹೊರಡಲಿ. ತಲೆಗೆರಡು ಬುಟ್ಟಿ!"

ಬೊಪ್ಪಣ್ಣನ ಮೀಸೆ ಇಳಿಬಿತ್ತು. "ಪ್ರಭು... ಬೆಳಿಗ್ಗೆಯೇ ಅರಿಕೆ ಮಾಡಿದ್ದೆನಲ್ಲ... ಸೈನಿಕರ ಸೊಂಟ..."

"ಛೇ ಛೇ, ಸೊಂಟನೋವು ಒಳನಾಡಿನ ವಿಷಯ ಕಣಯ್ಯಾ" ಎಂದ ಮಾರಭೂಪ. "ಅದನ್ನು ನಾಳೆ ಬೆಳಿಗ್ಗೆ ಮಾತಾಡೋಣ!"