ಚಂದ್ರಹಾರ ಲಾಡ್ಜಿಗೆ ಸಾಫ್ಟ್‌ವೇರ್ ಆರಿಸಿದ್ದು

ಇದು ನಡೆದದ್ದು ಹೋದ ವರ್ಷ ಫೆಬ್ರವರಿಯಲ್ಲಿ, ಒಂದು ಗುರುವಾರ.

ಅರಸೀಕೆರೆ ರೈಲು ನಿಲ್ದಾಣದ ಎದುರಿನ ಚಂದ್ರಹಾರ ಲಾಡ್ಜಿಗೆ ಪಾಲಾಕ್ಷಪ್ಪನವರೇ ರಾಜರು. ಕಿರೀಟವೊಂದು ಇರಲಿಲ್ಲ, ಅಷ್ಟೆ. ರಿಸೆಪ್ಶನ್ ನೋಡಿಕೊಳ್ಳುತ್ತಿದ್ದವಳು ನಾಗವೇಣಿ. ಅವಳ ಕೈಕೆಳಗೆ ಇಬ್ಬರು.

ರೂಮು ಕೊಡುವುದು, ಬಿಡಿಸುವುದು, ಬಿಲ್ಲು ಮಾಡುವುದು, ಎಲ್ಲಕ್ಕೂ ಒಂದು ಸಾಫ್ಟ್‌ವೇರ್ ಹಾಕಿಸಬೇಕೆಂದು ಪಾಲಾಕ್ಷಪ್ಪ ಎರಡು ಕಂಪನಿಗಳನ್ನು ಕರೆಸಿದ್ದರು.

ಮೊದಲ ಕಂಪನಿಯಿಂದ ಬಂದ ಹುಡುಗಿ ಇಡೀ ದಿನ ಕೌಂಟರಿನ ಪಕ್ಕ ಕೂತಳು. ಬರೀ ಪ್ರಶ್ನೆ ಕೇಳಿದಳು. "ನಿಮ್ಮಲ್ಲಿ ದಿನ ಯಾವಾಗ ಶುರುವಾಗುತ್ತೆ ಸಾರ್?" ಎಂದೂ ಕೇಳಿದಳು.

ಪಾಲಾಕ್ಷಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ದಿನ ಯಾವಾಗ ಶುರುವಾಗುತ್ತೆ ಅಂತಲೂ ಗೊತ್ತಿಲ್ಲದವಳು ಸಾಫ್ಟ್‌ವೇರ್ ಮಾರ್ತಾಳಂತೆ!"

ನಾಗವೇಣಿಗೆ ಮಾತ್ರ ಆ ಹುಡುಗಿಯ ಸಾಫ್ಟ್‌ವೇರೇ ಹಿಡಿಸಿತು.

ಎರಡನೆಯ ಕಂಪನಿಯ ಪ್ರಣೀತ್ ಆ ಗುರುವಾರ ಬೆಳಗ್ಗೆ ಬಂದ. ಅವನು ಒಂದೂ ಪ್ರಶ್ನೆ ಕೇಳಲಿಲ್ಲ. ಕಂಪ್ಯೂಟರಿಗೆ ತನ್ನ ಸಾಫ್ಟ್‌ವೇರ್ ಹಾಕಿದ. ತಾನೇ ತಂದಿದ್ದ ಎಲೆಕ್ಟ್ರಾನಿಕ್ ಬೀಗವನ್ನು ಮೊದಲ ಮಹಡಿಯ ಒಂದು ರೂಮಿಗೆ ಕೂರಿಸಿದ.

"ಸಾರ್, ಇನ್ನು ಕೀ ಬೇಡ. ಅತಿಥಿ ಮೊಬೈಲ್ ಒತ್ತಿದರೆ ಬಾಗಿಲು ತೆರೆಯುತ್ತೆ. ವೇಳೆ ಮುಗಿದರೆ ಮತ್ತೆ ತೆರೆಯಲ್ಲ. ಯಾರ ಹತ್ತಿರವೂ ವಾದ ಮಾಡೋ ಹಾಗಿಲ್ಲ. ರಿಸೆಪ್ಶನ್‌ಗೆ ಜನವೇ ಬೇಡ."

ಪಾಲಾಕ್ಷಪ್ಪನವರ ಮುಖ ಅರಳಿತು. "ವಾದವೇ ಇಲ್ಲವಾ? ಭಲೇ! ಕೇಳಿಸಿತೇನಮ್ಮ ನಾಗವೇಣಿ?"

"ಕೇಳಿಸಿತು ಯಜಮಾನ್ರೇ. ವೇಳೆ ಮುಗಿಯಿತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ ಸಾರ್?"

"ಮೇಡಂ, ಇದು ಹತ್ತಾರು ದೇಶಗಳಲ್ಲಿ ಓಡ್ತಿದೆ. ಇದಕ್ಕೆ ಎಲ್ಲ ಗೊತ್ತು. ನೀವು ಏನೂ ಹೇಳಿಕೊಡಬೇಕಿಲ್ಲ."

"ಎಲ್ಲ ಗೊತ್ತಿದ್ದರೂ ಒಂದು ದಿನ ಓಡಿಸಿ ನೋಡಬಹುದಲ್ಲ, ಯಜಮಾನ್ರೇ."

ಪಾಲಾಕ್ಷಪ್ಪನವರಿಗೆ ಸಿಟ್ಟು ಬಂತು. "ಕೆಲಸ ಹೋಗುತ್ತೆ ಅಂತ ಕೊಕ್ಕೆ ಹಾಕ್ತೀಯಾ? ಸರಿ, ಸಂಜೆವರೆಗೆ ಓಡಲಿ. ಇದರಲ್ಲಿ ತಪ್ಪು ತೋರಿಸು, ನೀನು ಹೇಳಿದ್ದನ್ನೇ ಹಾಕಿಸ್ತೀನಿ. ಇಲ್ಲದಿದ್ದರೆ ನಾಳೆಯಿಂದ ಮೂವರೂ ಮನೆಯಲ್ಲಿರಿ. ಆದರೆ ಕಂಪ್ಯೂಟರ್ ಮುಟ್ಟಬಾರದು. ಮುಟ್ಟಿ ಕೆಡಿಸಿದೆ ಅಂತ ಮಾತು ಬರಬಾರದು. ಸಂಜೆವರೆಗೆ ಅದು ಹೇಳಿದ್ದೇ ಆಜ್ಞೆ. ನಿನಗೂ ಅಷ್ಟೆ, ನನಗೂ ಅಷ್ಟೆ."

"ಮುಟ್ಟದೆ ತಪ್ಪು ತೋರಿಸೋದು ಹೇಗೆ ಯಜಮಾನ್ರೇ?"

"ಜಾಣೆ ಅಂತ ಹೆಸರಿದೆಯಲ್ಲ, ನೋಡಿಕೋ."

ನಾಗವೇಣಿ ಪ್ರಣೀತನ ಕಡೆ ತಿರುಗಿದಳು. "ಸಾರ್, ರಾತ್ರಿಯೆಲ್ಲ ರೈಲಿನಲ್ಲಿ ಬಂದಿದ್ದೀರಿ. ನೀವು ಬೀಗ ಹಾಕಿದ ರೂಮಿಗೆ ನೀವೇ ಮೊದಲ ಅತಿಥಿ ಆಗಬಾರದಾ? ಸ್ನಾನ ಮಾಡಿ, ಮಲಗಿ."

ಪ್ರಣೀತನಿಗೆ ಸಂತೋಷವಾಯಿತು. ತನ್ನ ಮೊಬೈಲಿನಲ್ಲೇ ರೂಮು ಹಿಡಿದ. ಬಾಗಿಲು ತೆರೆಯಿತು. ಆಗ ಗಂಟೆ ಹತ್ತೂವರೆ.

ನಾಗವೇಣಿ ಕುರ್ಚಿ ಎಳೆದುಕೊಂಡು ಕೈಕಟ್ಟಿ ಕೂತಳು.

"ಏನಮ್ಮ, ಸೋತೆಯಾ?" ಎಂದರು ಪಾಲಾಕ್ಷಪ್ಪ.

"ಮುಟ್ಟಬೇಡ ಅಂದಿರಲ್ಲ. ಮುಟ್ಟದೆ ಇದ್ದೀನಿ."

ಪ್ರಣೀತ್ ಒಂದು ನಿದ್ದೆ ತೆಗೆದ. ಎದ್ದು ಸ್ನಾನಕ್ಕೆ ಹೊರಟ. ನಲ್ಲಿಯಲ್ಲಿ ತಣ್ಣೀರು. ಚಂದ್ರಹಾರದಲ್ಲಿ ಒಂಬತ್ತರ ಮೇಲೆ ಬಿಸಿನೀರು ಬೇಕಾದವರು ವರಾಂಡಕ್ಕೆ ಬಂದು ಕೂಗಬೇಕು. ಅವನು ಟವೆಲ್ ಸುತ್ತಿಕೊಂಡು, ಮೊಬೈಲ್ ಹಿಡಿದು ಹೊರಬಂದ. "ಒಂದು ಬಕೆಟ್ ಬಿಸಿನೀರು!" ಎಂದು ಕೂಗಿದ.

ಹಿಂದೆ ಬಾಗಿಲು ಮುಚ್ಚಿಕೊಂಡಿತು. ಆಗ ಹನ್ನೆರಡು ಹೊಡೆಯಿತು.

ಮೊಬೈಲ್ ಒತ್ತಿದ. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದ. ಪರದೆಯ ಮೇಲೆ ಅಕ್ಷರ ಮೂಡಿತು: "ನಿಮ್ಮ ವಾಸ್ತವ್ಯ ಮುಗಿದಿದೆ. ವಂದನೆಗಳು."

ಅದೇ ಹೊತ್ತಿಗೆ ಹಾಸನದ ಕಡೆಯಿಂದ ಒಂದು ಮದುವೆ ದಿಬ್ಬಣ ಬಂದು ಕೌಂಟರ್ ಮುಂದೆ ನಿಂತಿತ್ತು. ಅವರ ನಡುವೆ ದಾರಿ ಮಾಡಿಕೊಂಡು ಟವೆಲಿನಲ್ಲೇ ಪ್ರಣೀತ್ ಇಳಿದು ಬಂದ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಒಬ್ಬ ಅಜ್ಜಿ ಜೋರಾಗಿಯೇ ಕೇಳಿದರು, "ಯಾರಪ್ಪಾ ಇದು, ಅಡುಗೆ ಭಟ್ಟರಾ?"

"ಮೇಡಂ, ಬಾಗಿಲು ತೆರೆಸಿ! ಬಟ್ಟೆ ಒಳಗಿದೆ!"

"ಕಂಪ್ಯೂಟರ್ ಏನು ಹೇಳುತ್ತೆ ಸಾರ್?"

"ನಾನು ರೂಮು ಖಾಲಿ ಮಾಡಿದ್ದೀನಿ ಅನ್ನುತ್ತೆ."

"ಹಾಗಾದರೆ ಮಾಡಿದ್ದೀರಿ. ಸಂಜೆವರೆಗೆ ಅದರ ಮಾತೇ ಆಜ್ಞೆ. ಯಜಮಾನರು ಇಲ್ಲೇ ಇದ್ದಾರೆ, ಕೇಳಿ."

ಪ್ರಣೀತ್ ಪಾಲಾಕ್ಷಪ್ಪನವರ ಕಡೆ ತಿರುಗಿದ. "ಸಾರ್, ನಾನು ಬಂದದ್ದು ಹತ್ತೂವರೆಗೆ! ಹೊರಗೆ ಬೋರ್ಡ್ ಹಾಕಿದ್ದೀರಲ್ಲ, ಬಂದ ಗಂಟೆಯಿಂದ ಇಪ್ಪತ್ತನಾಲ್ಕು ಗಂಟೆ ಅಂತ!"

ಬೋರ್ಡು ಇದ್ದದ್ದು ನಿಜ. ರೈಲು ಯಾವ ಹೊತ್ತಿಗೋ ಬರುತ್ತದೆ. ಅತಿಥಿ ಕಾಲಿಟ್ಟಾಗಲೇ ಅವನ ದಿನ ಶುರು. ಪಾಲಾಕ್ಷಪ್ಪನವರ ತಂದೆ ಮಾಡಿದ ಪದ್ಧತಿ ಅದು. ಪ್ರಣೀತನ ಸಾಫ್ಟ್‌ವೇರಿಗೆ ಮಾತ್ರ ಎಲ್ಲರ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತಿತ್ತು.

ನಾಗವೇಣಿ ಹೇಳಿದಳು, "ಬೋರ್ಡು ನೀವು ಓದಿದಿರಿ ಸಾರ್. ಅದಕ್ಕೆ ಓದಿ ಹೇಳಿದವರು ಯಾರು?"

ಪ್ರಣೀತ್ ಕೌಂಟರಿನ ಹಿಂದಕ್ಕೆ ಸರಿದು ನಿಂತ.

ಪಾಲಾಕ್ಷಪ್ಪ ಮೊದಲು ಗಂಭೀರವಾಗಿದ್ದರು. ಅಜ್ಜಿ "ಪಾಪ, ಒಂದು ಪಂಚೆಯಾದರೂ ಕೊಡಿ" ಎಂದಾಗ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ನೀನು ಏನೂ ಮುಟ್ಟಲಿಲ್ಲ ತಾನೆ?"

"ಇಲ್ಲ ಯಜಮಾನ್ರೇ. ಬಂದವರಿಗೆ ರೂಮು ಕೊಟ್ಟೆ. ಲಾಡ್ಜಿನ ಕೆಲಸ ಅದೇ ಅಲ್ಲವಾ?"

"ಆಯ್ತು, ಗೆದ್ದೆ. ಆ ಪ್ರಶ್ನೆ ಕೇಳೋ ಹುಡುಗಿಗೆ ಫೋನ್ ಮಾಡು. ಅವಳದ್ದೇ ಹಾಕಿಸೋಣ. ಅವಳು ಬಂದಾಗ ಕೌಂಟರಿನಲ್ಲಿ ನೀವು ಮೂವರೂ ಇರಬೇಕು. ನನಗೆ ಉತ್ತರ ಹೇಳೋಕೆ ಬರಲ್ಲ." ಆಮೇಲೆ ಪ್ರಣೀತನ ಕಡೆ ತಿರುಗಿದರು. "ನೀನು ಇನ್ನೊಂದು ಸಲ ರೂಮು ಹಿಡಿದು ಬಟ್ಟೆ ತಗೋ ಮಾರಾಯ. ನನ್ನ ಲೆಕ್ಕದಲ್ಲಿ."

ಪ್ರಣೀತ್ ಹೊಸದಾಗಿ ರೂಮು ಹಿಡಿಯಲು ಮೊಬೈಲ್ ಒತ್ತಿದ. ಅದು ಬಿಡಲಿಲ್ಲ. ಹಿಂದಿನ ವಾಸ್ತವ್ಯ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಎಂದು ಮೊದಲು ಹೇಳಬೇಕಂತೆ.

ಅವನು ಟವೆಲ್ ಬಿಗಿಮಾಡಿಕೊಂಡು ಉತ್ತರ ಒತ್ತಿದ.

ಒಂದು.