ನಂದಕ್ಕ ಡಾಕ್ಟರ ಬಾಗಿಲ ಬಳೆ

ಬಹಳ ಹಿಂದೆ, ಹೊಳೆದಂಡೆಯ ಒಂದು ಊರಲ್ಲಿ, ಸಂತೆಯ ಮಗ್ಗುಲಿಗೇ ಒಂದು ದೊಡ್ಡಾಸ್ಪತ್ರೆ ಇತ್ತಂತೆ. ಅಲ್ಲಿ ನಂದಕ್ಕ ಅಂತ ಒಬ್ಬ ಡಾಕ್ಟರು. ಡಾಕ್ಟರಿಕೆ ಕಲಿಯಲು ಬಂದ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳಂತೆ. ನಿಮ್ಮಂಥವರಿಗೇ, ಇನ್ನೂ ಕೋಟಿನ ಇಸ್ತ್ರಿ ಮುರಿಯದವರಿಗೆ. ನಾನು ಕಣ್ಣಾರೆ ನೋಡಿದ್ದು ಸ್ವಲ್ಪ, ಕೇಳಿದ್ದೇ ಹೆಚ್ಚು.

ಆಗ ಏಡ್ಸ್ ಅಂದರೆ ಹೆತ್ತವರೂ ಹೊಸ್ತಿಲಾಚೆ ನಿಲ್ಲಿಸುತ್ತಿದ್ದ ಕಾಲ. ಒಂದು ದಿನ ಬಸುರಿ ಹೆಂಗಸೊಬ್ಬಳ ರಕ್ತದಲ್ಲಿ ಆ ಸೋಂಕು ಕಂಡಿತು. ಚೆನ್ನವೀರ ಅನ್ನುವ ವಿದ್ಯಾರ್ಥಿ ಬಾಗಿಲು ಹಾಕದೆ, ಅಷ್ಟು ಮಂದಿಯ ಎದುರಿಗೇ ಅದನ್ನು ಹೇಳಿಬಿಟ್ಟನಂತೆ. ಸಾಲಿನಲ್ಲಿದ್ದವರು ದೂರ ಸರಿದರು. ಆಕೆ ಸೆರಗು ಹೊದ್ದು ಎದ್ದು ಹೋದಳು. ಗುಳಿಗೆ ತಗೊಂಡಿದ್ದರೆ ಹೊಟ್ಟೆಯ ಕೂಸಿಗೆ ಸೋಂಕು ತಗಲದ ಹಾಗೆ ಕಾಪಾಡಬಹುದಿತ್ತು. ಅದನ್ನು ಕೇಳಲು ಆಕೆ ನಿಲ್ಲಲಿಲ್ಲ.

ನಂದಕ್ಕ ಬೈಯಲಿಲ್ಲವಂತೆ. ಬೈದಿದ್ದರೇ ಚೆನ್ನಾಗಿತ್ತು ಅಂತ ಚೆನ್ನವೀರ ತಲೆ ನರೆತ ಮೇಲೂ ಹೇಳುತ್ತಿದ್ದನಂತೆ. ಆವತ್ತು ಅವನು, ಊರೂರು ತಿರುಗಿ ಆಕೆಯ ಹೆಸರು ಹೇಳಿ ವಿಚಾರಿಸುತ್ತೇನೆ ಅಂದ. ಡಾಕ್ಟರು ಹೆಸರು ಹಿಡಿದು ಹುಡುಕಿದರೆ ಆಮೇಲೆ ಆ ಊರಲ್ಲಿ ಆಕೆ ಬದುಕುವುದು ಹೇಗೆ ಅಂತ ನಂದಕ್ಕ ತಡೆದಳು. ಹೆಸರು ಹೇಳದೆ ಮನುಷ್ಯರನ್ನು ಹುಡುಕುವುದು ಹೇಗೆ?

ಆಗ ನಂದಕ್ಕನಿಗೆ ಹೊಳೆದದ್ದು ಬಳೆ. ಎಷ್ಟೇ ಬಡವಳಾದರೂ ಬಸುರಿಗೆ ಕುಬಸದ ಶಾಸ್ತ್ರ ಮಾಡದೆ ಬಿಡುತ್ತಾರೆಯೇ, ಹಸಿರು ಬಳೆ ಇಡಿಸದೆ ಇರುತ್ತಾರೆಯೇ? ಸುತ್ತಲ ಹಳ್ಳಿಗೆಲ್ಲ ಬಳೆಗಾರ್ತಿ ಮಾಬೂಬಿ ಒಬ್ಬಳೇ. ಸಂತೆ ಸಂತೆಗೂ ಮಾಬೂಬಿಯ ಪಕ್ಕ ಕಂಬಳಿ ಹಾಸಿ ಕೂತಳಂತೆ ನಂದಕ್ಕ.

ಪಾಠವೂ ಅಲ್ಲೇ. ಜೊತೆಗೆ ಉಂಡರೆ ಬರುವುದಿಲ್ಲ, ಕೈ ಹಿಡಿದರೆ ಬರುವುದಿಲ್ಲ ಅಂತ ವಿದ್ಯಾರ್ಥಿಗಳು ಸಂತೆಯ ಮಂದಿಗೆ ಹೇಳಬೇಕು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡ ಅನ್ನಬೇಕು. ನಿರೋಧ್ ಮಾತು ಬಂದಾಗ ಯಾವ ವಿದ್ಯಾರ್ಥಿಯಾದರೂ ನಾಚಿ ನೆಲ ನೋಡಿದರೆ, ನೆಲಕ್ಕೇನು ಸೋಂಕು ಬರುತ್ತದೆಯೇ, ಎದುರಿಗೆ ನಿಂತ ಲಾರಿ ಡ್ರೈವರನ ಮುಖ ನೋಡಿ ಹೇಳಪ್ಪ ಅಂತ ಕಾಡುತ್ತಿದ್ದಳಂತೆ. ಹಾಗೆ ಕಾಡುವಾಗಲೂ ಆಕೆಯ ಕಣ್ಣು ಮಾತ್ರ ಬಳೆಗೆ ಚಾಚಿದ ಕೈಗಳ ಮೇಲೇ ಇರುತ್ತಿತ್ತಂತೆ.

ಎಷ್ಟೋ ಸಂತೆ ಕಳೆದವು. ಆಕೆ ಬರಲಿಲ್ಲ. ಆಕೆಗೆ ದಿನ ತುಂಬುತ್ತಿವೆ ಅಂತ ನಂದಕ್ಕನಿಗೆ ಊಟ ಸೇರುತ್ತಿರಲಿಲ್ಲವಂತೆ.

ಕೊನೆಗೊಂದು ಸಂತೆಗೆ ಬಂದಳು. ಚೆನ್ನವೀರ ಗುರುತು ಹಿಡಿದು ಎದ್ದೇಬಿಟ್ಟ. ನಂದಕ್ಕ ಅವನ ಅಂಗಿ ಜಗ್ಗಿ ಕೂರಿಸಿದಳಂತೆ. ತಾನು ಹೋಗಿ ಆಕೆಯ ಪಕ್ಕ ಕೂತು, ತಾನೂ ಕೈ ಚಾಚಿದಳು. ಈ ವಯಸ್ಸಿನಲ್ಲಿ ಕುಬಸವೇನಕ್ಕ ಅಂತ ಮಾಬೂಬಿ ನಕ್ಕಳು, ಸುತ್ತ ಇದ್ದ ಹೆಂಗಸರೆಲ್ಲ ನಕ್ಕರು. ಆ ನಗುವಿನ ಮರೆಯಲ್ಲಿ ನಂದಕ್ಕ ಆಕೆಯೊಬ್ಬಳಿಗೇ ಕೇಳುವ ಹಾಗೆ ಹೇಳಿದಳಂತೆ:

“ಕೂಸಿಗೆ ತಗಲದಂಗ ಗುಳಿಗಿ ಅದಾವವ್ವ, ಬಾ. ಈ ಸಲ ಬಾಗಲಾ ನಾ ಹಾಕ್ತೀನಿ.”

ಆಕೆ ಬಳೆ ಇಡಿಸಿಕೊಂಡು ಮಂದಿಯೊಳಗೆ ಮರೆಯಾದಳು. ನಂದಕ್ಕ ಆಸ್ಪತ್ರೆಗೆ ಬಂದು ತನ್ನ ಕೋಣೆಯಲ್ಲಿ ಕಾದು ಕೂತಳು. ಹೊತ್ತು ಇಳಿಯಿತು. ಸಂತೆ ಚದುರಿತು. ಆಗ ಬಾಗಿಲಾಚೆ ಬಳೆ ಸದ್ದಾಯಿತಂತೆ. ನಂದಕ್ಕ ಎದ್ದು ಆಕೆಯನ್ನು ಒಳಗೆ ಕರೆದು ಬಾಗಿಲು ಹಾಕಿದಳು. ಒಳಗೆ ಏನು ಮಾತಾಯಿತೋ ಯಾರಿಗೂ ತಿಳಿಯದು.

ಗುಳಿಗೆ ನಡೆಯಿತಂತೆ, ಹೆರಿಗೆಯಾಯಿತಂತೆ. ಕೂಸಿನ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲವಂತೆ. ಕಡೆಯ ಪರೀಕ್ಷೆಯ ದಿನ ಆಕೆ ತನ್ನ ಕೈಯ ಎರಡು ಹಸಿರು ಬಳೆ ತೆಗೆದು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಹೋದಳಂತೆ. ದುಡಿಯಲು ದೂರದೂರಿಗೆ ಹೋದಳು, ಅಲ್ಲಿಯೂ ಗುಳಿಗೆ ಬಿಡಲಿಲ್ಲ ಅನ್ನುತ್ತಾರೆ. ನಂದಕ್ಕ ಮತ್ತೆ ಆಕೆಯನ್ನು ಕಾಣಲಿಲ್ಲ. ಕಡೆತನಕ, ಬಳೆ ಸದ್ದಾದಾಗಲೆಲ್ಲ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಿದ್ದಳಂತೆ.

ಆ ತಾಯಿಯ ಹೆಸರೇನು ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ, ಈ ಊರಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟು ಜೋಪಾನ ಮಾಡಿದಳು ನಂದಕ್ಕ.

ನಂದಕ್ಕನೂ ತೀರಿಹೋಗಿ ಬಹಳ ಕಾಲವಾಯಿತು. ಸಂತೆಯಲ್ಲಿ ಯಾರಾದರೂ ಹಸಿರು ಬಳೆಗೆ ಕೈ ಚಾಚಿದರೆ, ಪಕ್ಕದಲ್ಲಿ ನಂದಕ್ಕ ಕೂತಿದ್ದಾಳೇನೋ ಅಂತ ನಾನು ಈಗಲೂ ನೋಡುತ್ತೇನೆ. ಇನ್ನಷ್ಟು ದಿನ ಇರಬೇಕಾಗಿತ್ತು ಆ ಜೀವ. ಮೊಳೆಯ ಬಳೆ ಎಷ್ಟೋ ಸಲ ಒಡೆದಿವೆ. ಒಡೆದಾಗಲೆಲ್ಲ ಆ ವರ್ಷದ ವಿದ್ಯಾರ್ಥಿಗಳು ಸಂತೆಗೆ ಹೋಗಿ, ಮಾಬೂಬಿಯ ಮೊಮ್ಮಗಳ ಹತ್ತಿರ ಹೊಸದು ತಂದು ಹಾಕುತ್ತಾರೆ. ಇವತ್ತಿಗೂ ಆ ಕೋಣೆಯಲ್ಲಿ, ಬಾಗಿಲು ಮುಚ್ಚಿ ಬಳೆ ಸದ್ದಾಗುವ ತನಕ, ಯಾವ ಡಾಕ್ಟರೂ ಬಾಯಿ ತೆರೆಯುವುದಿಲ್ಲ.