ಶ್ರಮದಾನಕ್ಕೆ ಬೇಕಾದ ಕಸ

ಕಳೆದ ವರ್ಷ ಸಂಕ್ರಾಂತಿಯ ಹಿಂದಿನ ಭಾನುವಾರ ಇದು ನಡೆಯಿತು.

ಅಂದು ಗಾಳಗಾರರ ಸಂಘದಿಂದ ಕೆರೆ ಸ್ವಚ್ಛತೆಯ ಶ್ರಮದಾನ. ಪತ್ರಿಕೆಯವರೂ ಬರುವವರಿದ್ದರು. ಮೊದಲೇ ಬಂದ ಅಧ್ಯಕ್ಷ ನಂಜರಾಜಯ್ಯನವರು ದಂಡೆ ನೋಡಿ ಕೆಂಡವಾದರು. ಅಲ್ಲಿ ಒಂದು ಕಡ್ಡಿಯೂ ಇರಲಿಲ್ಲ.

"ಯಾರಯ್ಯ ಗುಡಿಸಿದ್ದು?"

"ನಾನೇ ಸಾರ್. ದಿನಾ ಗುಡಿಸ್ತೀನಿ," ಎಂದ ಕೆರೆಯ ಕಾವಲುಗಾರ.

"ಮತ್ತೆ ನಾವೇನು ನಿನ್ನ ಮುಖ ತೊಳೆಯೋದಾ? ಎಲ್ಲಿಂದಾದ್ರೂ ಕಸ ತಂದು ಹರಡು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಕಾವಲುಗಾರ ತನ್ನ ಶೆಡ್ಡಿಗೆ ಹೋದ. ಸಂಘದವರು ಮೀನು ಹಿಡಿಯಲು ಬಂದಾಗಲೆಲ್ಲ ಬಿಟ್ಟುಹೋದದ್ದು ಅಲ್ಲಿತ್ತು. ಬಾಟಲಿಗಳನ್ನು ಮೂಟೆ ಕಟ್ಟಿಟ್ಟಿದ್ದ, ಫ್ಲೆಕ್ಸ್‌ಗಳನ್ನು ಸೂರಿಗೆ ಹೊದಿಸಿದ್ದ. ಎಲ್ಲವನ್ನೂ ತಂದು ದಂಡೆಯ ಮೇಲೆ ನೀಟಾಗಿ ಹರಡಿದ.

ಕ್ಯಾಮೆರಾ ಬಂತು. ಅಧ್ಯಕ್ಷರು ಕೈಗವಸು ತೊಟ್ಟು ಬಗ್ಗಿದರು. ಕಸದೊಳಗಿನ ಫ್ಲೆಕ್ಸ್‌ನಿಂದ ಅವರೇ ಕೈಮುಗಿದು ನಗುತ್ತಿದ್ದರು. ಕೆಳಗೆ 'ಕೆರೆ ಉಳಿಸಿ' ಎಂದಿತ್ತು.

"ಏನೋ ಇದು?" ಎಂದು ಹಲ್ಲು ಕಡಿದರು.

"ನೀವು ತರೋಕೆ ಹೇಳಿದ ಕಸ ಸಾರ್," ಎಂದ ಕಾವಲುಗಾರ, ವರದಿಗಾರನಿಗೂ ಕೇಳುವಂತೆ. "ಸಾಲದಿದ್ರೆ ಹೇಳಿ, ಇನ್ನೂ ಇದೆ."

ವರದಿಗಾರ ಪೆನ್ನು ತೆಗೆದ. ಅಧ್ಯಕ್ಷರು ಥಟ್ಟನೆ ಕಾವಲುಗಾರನ ಹೆಗಲ ಮೇಲೆ ಕೈ ಹಾಕಿದರು. "ತಮಾಷೆ ಮಾಡ್ತಾನೆ. ಇವನಿಲ್ಲದಿದ್ರೆ ಈ ಕೆರೆಯೇ ಇಲ್ಲ, ಬರ್ಕೊಳ್ಳಿ."

ಅದು ಅಚ್ಚಾಯಿತು. ಕೆಲಸ ಉಳಿಯಿತು. ಫೋಟೋದಲ್ಲಿ ಅಧ್ಯಕ್ಷರು ಒಂಬತ್ತು ಕಡೆ ಕಾಣಿಸಿಕೊಂಡಿದ್ದರು. ದಂಡೆಯ ಮೇಲೆ ಒಂದು, ಕಸದಲ್ಲಿ ಎಂಟು.